ಕುಳ್ಳರು ಗೆದ್ದರು, ರಾಜಕುಮಾರ ಸೋತ

ಡಿಸ್ನಿಯ ‘ಸ್ನೋ ವೈಟ್ ಅಂಡ್ ದ ಸೆವೆನ್ ಡ್ವಾರ್ಫ್ಸ್’ ನೋಡಿದವರಿಗೆ ಒಂದು ಪ್ರಶ್ನೆ. ಅದರಲ್ಲಿ ರಾಜಕುಮಾರ ಎಷ್ಟು ಹೊತ್ತು ಇರ್ತಾನೆ ಅಂತ ಯಾವತ್ತಾದರೂ ಗಮನಿಸಿದ್ದೀರಾ? ಶುರುವಿನಲ್ಲಿ ಬಾವಿಕಟ್ಟೆ ಹತ್ತಿರ ಬಂದು ಒಂದು ಹಾಡು ಹೇಳ್ತಾನೆ. ಆಮೇಲೆ ನಾಪತ್ತೆ! ಕೊನೆಯಲ್ಲಿ ಬಂದು ಮುತ್ತು ಕೊಟ್ಟು, ಹುಡುಗಿಯನ್ನು ಕುದುರೆ ಮೇಲೆ ಕೂರಿಸಿಕೊಂಡು ಹೊರಟುಬಿಡ್ತಾನೆ. ಅವನಿಗೊಂದು ಹೆಸರು ಕೂಡ ಇಲ್ಲ. ಆದರೆ ಆ ಏಳು ಜನ ಕುಳ್ಳರನ್ನು ನೋಡಿ... ಊಟಕ್ಕೆ ಮುಂಚೆ ಕೈ ಮುಖ ತೊಳೆಯೋದಕ್ಕೇ ಅವರಿಗೊಂದು ಇಡೀ ದೃಶ್ಯ, ಜೊತೆಗೊಂದು ಹಾಡು!

ಮೊದಲು ಯೋಚಿಸಿದ್ದ ಕಥೆಯಲ್ಲಿ ರಾಜಕುಮಾರನಿಗೆ ಇದಕ್ಕಿಂತ ದೊಡ್ಡ ಪಾತ್ರವಿತ್ತು. ರಾಣಿ ಅವನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುವ ಪ್ರಸಂಗವೂ ಇತ್ತು. ಅದೆಲ್ಲ ಕತ್ತರಿಗೆ ಬೀಳೋದಕ್ಕೆ ಒಂದು ಮುಖ್ಯ ಕಾರಣ ತೀರಾ ಸರಳ: ಅವನನ್ನು ನಂಬುವ ಹಾಗೆ ಬರೆಯೋದು ಕಷ್ಟವಾಗಿತ್ತು. ಮೂಗು ದಪ್ಪ, ಹೊಟ್ಟೆ ಗುಂಡಗೆ, ಗಡ್ಡ ನೆಲ ಮುಟ್ಟುವ ಕುಳ್ಳ ಹೇಗೆ ನಡೆದರೂ ನಡೆಯುತ್ತೆ. ಆದರೆ ಒಬ್ಬ ಸಾಧಾರಣ ಗಂಡಸು ನಾಲ್ಕು ಹೆಜ್ಜೆ ನಡೆದರೆ ಸಾಕು, ನಮ್ಮ ಕಣ್ಣು ತಪ್ಪು ಹಿಡಿದುಬಿಡುತ್ತೆ. ದಿನಾ ಮನುಷ್ಯರನ್ನೇ ನೋಡೋ ಕಣ್ಣಲ್ಲವೇ ಅದು.

೧೯೩೭ರಿಂದ ೧೯೪೨ರವರೆಗಿನ ಕೈಬರಹದ ಕಾರ್ಟೂನ್ ಸಿನಿಮಾಗಳ ಸೊಗಸು ಮತ್ತು ಕುಂದು ಎರಡೂ ಇಲ್ಲೇ ಇವೆ ಅಂತ ನನ್ನ ಅನಿಸಿಕೆ. ಎರಡಕ್ಕೂ ಬೇರು ಒಂದೇ: ಕೈ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸ್ನೋ ವೈಟ್ ಪ್ರಪಂಚದ ಮೊದಲ ಪೂರ್ಣಾವಧಿ ಅನಿಮೇಶನ್ ಚಿತ್ರ ಅಲ್ಲ. ಅರ್ಜೆಂಟೀನಾದ ಕಿರೀನೋ ಕ್ರಿಸ್ತಿಯಾನಿ ೧೯೧೭ರಲ್ಲೇ ‘ಎಲ್ ಅಪೋಸ್ತೊಲ್’ ಮಾಡಿದ್ದ. ಅದರ ಪ್ರತಿ ಒಂದೂ ಉಳಿದಿಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ ೧೯೨೬ರಲ್ಲಿ ಅರೇಬಿಯನ್ ನೈಟ್ಸ್ ಕಥೆಗಳನ್ನಿಟ್ಟುಕೊಂಡು ರಾಜಕುಮಾರ ಅಹ್ಮದನ ಚಿತ್ರ ಮಾಡಿದಳು. ಇವೆರಡೂ ಕತ್ತರಿಸಿದ ಆಕೃತಿಗಳನ್ನು ಸರಿಸಿ ಸರಿಸಿ ತೆಗೆದವು. ರೈನಿಗರಳ ಚಿತ್ರ ನೋಡಿದರೆ ನಮಗೆ ತೊಗಲುಗೊಂಬೆಯಾಟವೇ ನೆನಪಾಗುತ್ತೆ. ಹಾಳೆ ಮೇಲೆ ಒಂದೊಂದೇ ಚಿತ್ರ ಬರೆದು, ಬಣ್ಣ ತುಂಬಿ, ಧ್ವನಿ ಸೇರಿಸಿ, ಒಂದೂಕಾಲು ಗಂಟೆಗೂ ಮೀರಿ ಜನರನ್ನು ಕೂರಿಸಿದ ಸಾಹಸ ಸ್ನೋ ವೈಟ್‌ನದು.

ಸಾಹಸ ಎಷ್ಟು ದೊಡ್ಡದು ಅಂತ ಒಂದು ಲೆಕ್ಕ ಹಾಕೋಣ (ಇಂಜಿನಿಯರ್ ಬುದ್ಧಿ, ಕ್ಷಮಿಸಿ). ಸಿನಿಮಾ ೮೩ ನಿಮಿಷ. ಸೆಕೆಂಡಿಗೆ ೨೪ ಫ್ರೇಮು. ಗುಣಿಸಿದರೆ ೧,೧೯,೫೨೦ ಫ್ರೇಮು! ಒಂದೇ ಚಿತ್ರವನ್ನು ಎರಡು ಫ್ರೇಮಿಗೆ ಬಳಸುವ ಉಪಾಯ ಇತ್ತು ಅನ್ನಿ, ಅದರಿಂದ ಕೆಲಸ ಎಷ್ಟೋ ಉಳಿಯುತ್ತೆ. ಆದರೆ ಒಂದು ಫ್ರೇಮಿನಲ್ಲಿ ಏಳು ಕುಳ್ಳರು, ಒಬ್ಬಳು ಹುಡುಗಿ, ಜೊತೆಗೆ ಕಾಡಿನ ಪ್ರಾಣಿಗಳೆಲ್ಲ ಬಂದು ನಿಂತರೆ ಉಳಿದದ್ದೆಲ್ಲ ಖರ್ಚಾಗಿಹೋಗುತ್ತೆ. ಎರಡೂವರೆ ಲಕ್ಷ ಡಾಲರಿನಲ್ಲಿ ಮುಗಿಸ್ತೀವಿ ಅಂತ ಹೊರಟದ್ದು ಹತ್ತಿರ ಹತ್ತಿರ ಹದಿನೈದು ಲಕ್ಷಕ್ಕೆ ಹೋಗಿ ನಿಂತಿತು. ಎಸ್ಟಿಮೇಟ್ ಆರು ಪಟ್ಟು ತಪ್ಪೋದು ನಮ್ಮ ಸಾಫ್ಟ್‌ವೇರಿನವರ ಆಸ್ತಿ ಮಾತ್ರ ಅಲ್ಲ ಅಂತ ಓದಿ ನನಗೆ ಸಮಾಧಾನವಾಯಿತು! ಇದು ‘ಡಿಸ್ನಿಯ ಹುಚ್ಚು’ ಅಂತ ಹಾಲಿವುಡ್ಡು ಆಡಿಕೊಳ್ಳುತ್ತಿತ್ತು. ೧೯೩೭ರ ಡಿಸೆಂಬರ್ ೨೧ರಂದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಪ್ರದರ್ಶನ ಆದಮೇಲೆ ಆ ಬಾಯಿಗಳು ಮುಚ್ಚಿದವು.

ಮನುಷ್ಯರನ್ನು ಬರೆಯುವ ಕಷ್ಟಕ್ಕೆ ಅಷ್ಟುಹೊತ್ತಿಗೆ ಒಂದು ಅಡ್ಡದಾರಿ ಇತ್ತು. ಮ್ಯಾಕ್ಸ್ ಫ್ಲೈಶರ್ ಕಂಡುಹಿಡಿದ ರೋಟೋಸ್ಕೋಪ್. ನಿಜವಾದ ಮನುಷ್ಯರ ಫಿಲ್ಮು ತೆಗೆದು, ಅದನ್ನು ಗಾಜಿನ ಮೇಲೆ ಒಂದೊಂದೇ ಫ್ರೇಮು ಬೀಳಿಸಿ, ಮೇಲೆ ಹಾಳೆಯಿಟ್ಟು ತಿದ್ದುವುದು. ಡಿಸ್ನಿಯವರೂ ಮಾರ್ಜ್ ಚಾಂಪಿಯನ್ ಎಂಬ ನರ್ತಕಿಯಿಂದ ಸ್ನೋ ವೈಟ್‌ನ ನಡೆ, ಕುಣಿತ ಎಲ್ಲ ಮಾಡಿಸಿ ಫಿಲ್ಮು ತೆಗೆದಿಟ್ಟುಕೊಂಡರು. ಆದರೆ ಇದ್ದದ್ದನ್ನು ಇದ್ದ ಹಾಗೇ ತಿದ್ದಿದರೆ ಚಿತ್ರಕ್ಕೆ ಜೀವ ಬರೋದಿಲ್ಲ ಅನ್ನೋದು ಅವರಿಗೆ ಗೊತ್ತಾಗಿತ್ತು. ತಲೆ ಸ್ವಲ್ಪ ದೊಡ್ಡದು ಮಾಡಬೇಕು, ಬಾಗುವುದನ್ನು ಇನ್ನಷ್ಟು ಬಾಗಿಸಬೇಕು, ಬೇಡದ್ದನ್ನು ಬಿಡಬೇಕು. ಹಾಗಾಗಿ ಸ್ನೋ ವೈಟ್ ಒಂದು ಮಟ್ಟಕ್ಕೆ ಬದುಕಿಕೊಂಡಳು. ರಾಜಕುಮಾರನಿಗೆ ಆ ಭಾಗ್ಯ ಬರಲಿಲ್ಲ.

ಈ ಪಾಠ ಇನ್ನೂ ಚೆನ್ನಾಗಿ ಕಾಣೋದು ಫ್ಲೈಶರ್ ಸೋದರರದ್ದೇ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿ. ಸ್ನೋ ವೈಟ್ ದುಡ್ಡು ಮಾಡಿದ್ದು ನೋಡಿ ಪ್ಯಾರಮೌಂಟ್ ಕಂಪನಿ ನಮಗೂ ಒಂದು ಬೇಕು ಅಂದಿತು. ಅವಸರದಲ್ಲಿ ಮಾಡಿ ೧೯೩೯ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದರು. ಅದರಲ್ಲಿ ಗಲಿವರ್ ಪೂರ್ತಿ ರೋಟೋಸ್ಕೋಪ್, ಲಿಲಿಪುಟ್ ಜನ ಅಪ್ಪಟ ಕಾರ್ಟೂನು. ಅವನು ದಡದಲ್ಲಿ ಮಲಗಿರುವಾಗ ಆ ಪುಟ್ಟ ಜನ ಹಗ್ಗ ರಾಟೆ ತಂದು ಕಟ್ಟಿಹಾಕುವ ಭಾಗ ಈಗ ನೋಡಿದರೂ ಮಜವಾಗಿದೆ. ಅಲ್ಲಿ ಗಲಿವರ್ ಪರಕೀಯನಾಗಿ ಕಾಣೋದೇ ಕಥೆಗೆ ಬೇಕಾದದ್ದು. ಆದರೆ ಅವನು ಎದ್ದು ಮಾತಾಡಲು ಶುರುಮಾಡಿದರೆ ಪಾಠ ಒಪ್ಪಿಸುವ ಮೇಷ್ಟ್ರ ಹಾಗೆ ಕಾಣ್ತಾನೆ. ಸ್ವಿಫ್ಟನ ಕುಟುಕು ಬಹುಪಾಲು ಮಾಯ. ಯಾವ ಹಾಡನ್ನು ಮದುವೆಯಲ್ಲಿ ಹಾಡಬೇಕು ಅಂತ ಇಬ್ಬರು ರಾಜರು ಜಗಳ ಆಡ್ತಾರೆ, ಅಷ್ಟೇ!

ಅತ್ತ ಚೀನಾದಲ್ಲೂ ಇದೇ ಕಥೆ. ಶಾಂಘೈನಲ್ಲಿ ಸ್ನೋ ವೈಟ್ ನೋಡಿದ ವಾನ್ ಸೋದರರು ಯುದ್ಧದ ನಡುವೆಯೇ ೧೯೪೧ರಲ್ಲಿ ‘ಪ್ರಿನ್ಸೆಸ್ ಐರನ್ ಫ್ಯಾನ್’ ಮುಗಿಸಿದರು. ನುರಿತ ಕಲಾವಿದರು ಸಾಲದ್ದಕ್ಕೆ ಬಹಳಷ್ಟು ಕಡೆ ರೋಟೋಸ್ಕೋಪನ್ನೇ ನೆಚ್ಚಿಕೊಂಡರು. ಹಾಗೆ ತಿದ್ದಿದ ಮುಖಗಳು ಕೆಲವೆಡೆ ನಡುಗುತ್ತವೆ. ಆದರೆ ಅದೇ ಚಿತ್ರ ನೋಡಿ ಬೆರಗಾದ ಜಪಾನಿನ ಹುಡುಗ ಒಸಾಮು ತೆಜುಕಾ ಮುಂದೆ ‘ಆಸ್ಟ್ರೋ ಬಾಯ್’ ಸೃಷ್ಟಿಸಿದ. ನಡುಗುವ ಗೆರೆಗೂ ಇಷ್ಟು ಶಕ್ತಿ ಇರುತ್ತೆ ನೋಡಿ.

ಇಲ್ಲಿಯವರೆಗೆ ಹೇಳಿದ್ದು ತೆರೆ ಮೇಲಿನ ಕುಂದು. ನನ್ನನ್ನು ಹೆಚ್ಚು ಕಾಡೋದು ತೆರೆಯ ಹಿಂದಿನದು.

ಕಲಾವಿದ ಪೆನ್ಸಿಲ್ಲಿನಲ್ಲಿ ಮುಖ್ಯ ಭಂಗಿಗಳನ್ನು ಬರೀತಾನೆ. ನಡುವಿನ ಚಿತ್ರಗಳನ್ನು ಕಿರಿಯರು ತುಂಬುತ್ತಾರೆ. ಆಮೇಲೆ ಅದನ್ನೆಲ್ಲ ಪಾರದರ್ಶಕ ಹಾಳೆಗೆ ಶಾಯಿಯಲ್ಲಿ ತಿದ್ದಿ, ಹಿಂಬದಿಯಿಂದ ಬಣ್ಣ ತುಂಬಬೇಕು. ಡಿಸ್ನಿಯಲ್ಲಿ ಶಾಯಿ ಬಣ್ಣದ ಈ ಕೆಲಸವೆಲ್ಲ ಹೆಚ್ಚುಕಡಿಮೆ ಹೆಂಗಸರದು. ಗೆರೆ ಕೂದಲೆಳೆಯಷ್ಟು ದಪ್ಪವಾದರೂ ತೆರೆ ಮೇಲೆ ಕುಣಿಯುತ್ತೆ. ಸ್ನೋ ವೈಟ್ ಕೆನ್ನೆಯ ನಸುಗೆಂಪನ್ನು ಹಾಳೆಯಿಂದ ಹಾಳೆಗೆ ಅದೇ ಜಾಗದಲ್ಲಿ ಕೈಯಲ್ಲೇ ಹಚ್ಚಿದವರು ಇವರು. ಸಿನಿಮಾದ ಹೆಸರುಪಟ್ಟಿಯಲ್ಲಿ ಇವರಾರೂ ಇಲ್ಲ. ಕೆಲಸ ಕೇಳಿ ಬರೆದ ಹೆಣ್ಣುಮಗಳೊಬ್ಬಳಿಗೆ ೧೯೩೮ರಲ್ಲಿ ಆ ಸ್ಟುಡಿಯೋ ಕೊಟ್ಟ ಉತ್ತರದ ಪ್ರತಿ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿರುತ್ತೆ. ಸೃಜನಶೀಲ ಕೆಲಸ ಗಂಡುಹುಡುಗರದ್ದು, ಹೆಂಗಸರಿಗೆ ಶಾಯಿ ಬಣ್ಣದ ಕೆಲಸ ಮಾತ್ರ ಅನ್ನೋದು ಅದರ ಸಾರಾಂಶ.

ಗಂಡಸರ ಪಾಡೂ ಅಂಥಾ ಸುಖದ್ದಲ್ಲ. ಸಂಬಳದ ಅಂತರ, ತೆರೆ ಮೇಲೆ ಹೆಸರು ಬಾರದ ಬೇಸರ, ಸಂಘ ಕಟ್ಟುವ ಹಕ್ಕು, ಎಲ್ಲ ಸೇರಿ ೧೯೪೧ರ ಮೇ ೨೯ರಂದು ಮುಷ್ಕರ ಶುರುವಾಯಿತು. ಅದಕ್ಕೆ ಕಿಡಿ ಹೊತ್ತಿಸಿದ್ದು ಆರ್ಟ್ ಬ್ಯಾಬಿಟ್‌ನನ್ನು ಕೆಲಸದಿಂದ ತೆಗೆದದ್ದು. ಸ್ನೋ ವೈಟ್‌ನ ಮಲತಾಯಿ ರಾಣಿಯನ್ನು ಅಷ್ಟು ಗಂಭೀರವಾಗಿ ಬರೆದವನು ಅವನೇ! ಸಿಡುಕ ಕುಳ್ಳನಿಗೂ, ‘ಡಂಬೋ’ ಆನೆಮರಿಗೂ ಜೀವ ಕೊಟ್ಟ ಬಿಲ್ ಟೈಟ್ಲಾ ಕೂಡ ಮುಷ್ಕರ ಸೇರಿದ. ಆ ‘ಡಂಬೋ’ದಲ್ಲೇ ಮಳೆಯಲ್ಲಿ ಸರ್ಕಸ್ ಡೇರೆ ಎತ್ತುವ ಕಪ್ಪು ಕೂಲಿಗಳಿಗೆ ಮುಖವನ್ನೇ ಬರೆದಿಲ್ಲ. ಆನೆಮರಿಯ ಕಣ್ಣಿಗೆ ಅಷ್ಟು ಪ್ರೀತಿ ಸುರಿದ ಕೈಗಳಿಗೆ ಇವರ ಮುಖ ಬೇಕು ಅನ್ನಿಸಲಿಲ್ಲ. ಇದು ಕೌಶಲದ ಕೊರತೆ ಅಲ್ಲ ಅನ್ನೋದೇ ಬೇಜಾರು.

ಮುಂದಿನ ವರ್ಷದ ‘ಬ್ಯಾಂಬಿ’ಯ ಕಾಡು ನೆನಪಿದೆಯೇ? ಎಲೆ ಎಲೆ ಬರೆಯದೆ ಬರೀ ಮಂಜು, ಬೆಳಕು, ನಾಲ್ಕು ಕುಂಚದ ಬೀಸು. ಆ ನೋಟ ಕೊಟ್ಟವರು ಚೀನಾದಿಂದ ಬಾಲ್ಯದಲ್ಲೇ ವಲಸೆ ಬಂದಿದ್ದ ಟೈರಸ್ ವಾಂಗ್, ಹಳೆಯ ಸಾಂಗ್ ಕಾಲದ ಚಿತ್ರಗಳ ಪ್ರೇರಣೆಯಿಂದ. ಮುಷ್ಕರದ ಗದ್ದಲದ ನಂತರ ಅವರನ್ನೂ ತೆಗೆದರು. ಹೆಸರುಪಟ್ಟಿಯಲ್ಲಿ ಹಿನ್ನೆಲೆ ಬರೆದ ಹಲವರಲ್ಲಿ ಒಬ್ಬರು, ಅಷ್ಟೇ. ೨೦೧೬ರಲ್ಲಿ, ೧೦೬ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜನ ಅವರನ್ನು ಗುರುತಿಸೋದನ್ನು ಕಣ್ಣಾರೆ ನೋಡುವಷ್ಟು ಆಯುಷ್ಯ ಸಿಕ್ಕಿತಲ್ಲ ಅನ್ನೋದೊಂದು ಸಮಾಧಾನ.

ಈ ಗೆರೆ ನಮ್ಮ ದೇಶಕ್ಕೂ ಬಂದಿದೆ. ಡಿಸ್ನಿಯಲ್ಲಿ ಕೆಲಸ ಮಾಡಿದ್ದ, ಭಾರತದಲ್ಲೇ ಹುಟ್ಟಿದ್ದ ಕ್ಲೇರ್ ವೀಕ್ಸ್ ೧೯೫೬ರಲ್ಲಿ ಬೊಂಬಾಯಿಯ ಫಿಲ್ಮ್ಸ್ ಡಿವಿಜನ್‌ಗೆ ಬಂದು ಇಲ್ಲಿಯವರಿಗೆ ಕಲಿಸಿದರು. ಅಲ್ಲಿ ತಯಾರಾದ ‘ದ ಬನ್ಯನ್ ಡೀರ್’ ಜಾತಕ ಕಥೆಯ ಜಿಂಕೆಯದು. ಅಲ್ಲೇ ಕೆಲಸ ಕಲಿತ ರಾಮ್ ಮೋಹನ್ ಮುಂದೆ ಭಾರತೀಯ ಅನಿಮೇಶನ್ನಿನ ದೊಡ್ಡ ಹೆಸರಾದರು.

ಈಗ ನಡುವಿನ ಚಿತ್ರಗಳನ್ನು ಕಂಪ್ಯೂಟರೇ ತುಂಬುತ್ತೆ, ಯಾವ ಮುಖವೂ ನಡುಗೋದಿಲ್ಲ. ಅದರ ಬಗ್ಗೆ ನನಗೆ ತಕರಾರಿಲ್ಲ, ಹೊಟ್ಟೆಪಾಡೇ ಕಂಪ್ಯೂಟರಿನದು. ಆದರೂ ಸ್ನೋ ವೈಟ್ ಡಿವಿಡಿ ಕೈಗೆ ಸಿಕ್ಕರೆ ಒಂದು ಕೆಲಸ ಮಾಡಿ. ಕುಳ್ಳರು ಕೈ ತೊಳೆಯುವ ದೃಶ್ಯ, ಅದಾದ ಕೂಡಲೇ ರಾಜಕುಮಾರನ ಬಾವಿಕಟ್ಟೆ ದೃಶ್ಯ, ಎರಡನ್ನೂ ಒಂದರ ಹಿಂದೊಂದು ನೋಡಿ. ಸಿಡುಕ ಕುಳ್ಳನನ್ನು ಉಳಿದವರು ಹಿಡಿದು ತೊಟ್ಟಿಗೆ ಅದ್ದುವಾಗ ಅವನು ಕೊಸರಾಡೋದನ್ನು ಗಮನಿಸಿ. ಆಮೇಲೆ ಒಂದು ಕ್ಷಣ ನಿಲ್ಲಿಸಿ, ಆ ಒಂದು ಚೌಕಟ್ಟಿಗೆ ಎಷ್ಟು ಜನ ಕೈ ಹಾಕಿರಬಹುದು ಅಂತ ಎಣಿಸಿ ನೋಡಿ.

ನಿಮಗೆ ಇಷ್ಟವಾದ ಹಳೆಯ ಕಾರ್ಟೂನ್ ಸಿನಿಮಾ ಯಾವುದು? ಅದರಲ್ಲಿ ನಿಮ್ಮ ಕಣ್ಣಿಗೆ ಬಿದ್ದ ಕುಂದು ಯಾವುದು? ಬರೆದು ತಿಳಿಸಿ.