ಆದೋನಿ ಸೀಮೆ ಮತ್ತು ಹೆಡ್‌ಗೇರ್

ಉಬ್ಬುಹಲ್ಲಿನ ಮಕ್ಕಳ ತಲೆಗೋ ಕತ್ತಿಗೋ ಪಟ್ಟಿ ಬಿಗಿದು, ಮೇಲ್ದವಡೆಯ ಬೆಳವಣಿಗೆಯನ್ನು ಹೊರಗಿನಿಂದ ತಡೆಯುವ ಸಾಧನ ಹೆಡ್‌ಗೇರ್. ಅಮೆರಿಕದ ನಾರ್ಮನ್ ಕಿಂಗ್ಸ್ಲಿ 1860ರ ದಶಕದಲ್ಲೇ ತಲೆಯ ಹಿಂಭಾಗವನ್ನು ಆಧಾರ ಮಾಡಿಕೊಂಡು ಹಲ್ಲುಗಳನ್ನು ಹಿಂದಕ್ಕೆ ಎಳೆದಿದ್ದ. ಎಡ್ವರ್ಡ್ ಆಂಗಲ್ ಕೂಡ ಮೊದಲು ಇದನ್ನೇ ಬಳಸಿದ. ಆಮೇಲೆ ಬಾಯೊಳಗಿನ ರಬ್ಬರ್‌ಬ್ಯಾಂಡುಗಳಿಂದಲೇ ಕೆಲಸ ಸಾಗುತ್ತದೆಂದು ಕೈಬಿಟ್ಟ. ಆಂಗಲ್‌ನ ಮಾತು ಹಲ್ಲುಗಳನ್ನು ಸಾಲಿಗೆ ತರುವ ವಿದ್ಯೆಯಲ್ಲಿ ವೇದವಾಕ್ಯವಾಗಿದ್ದ ಕಾಲ ಅದು. ಹೆಡ್‌ಗೇರ್ ಮೂಲೆ ಸೇರಿತು. 1936ರಲ್ಲಿ ಆಲ್ಬಿನ್ ಒಪೆನ್‌ಹೈಮ್ ಅದನ್ನು ಮತ್ತೆ ಹೊರತೆಗೆದ. 1947ರಲ್ಲಿ ವಿಸ್ಕಾನ್ಸಿನ್‌ನ ಸೈಲಸ್ ಕ್ಲೋನ್ ಕತ್ತಿನ ಪಟ್ಟಿಯ ಫಲಿತಾಂಶಗಳನ್ನು ಪ್ರಕಟಿಸಿದ ಮೇಲೆ ಅದರ ಬಳಕೆ ವ್ಯಾಪಕವಾಯಿತು.

ಸಾಧನದ ಮುಖ್ಯ ಅಂಗ ಫೇಸ್‌ಬೋ. ಅದರ ಒಳಕಂಬಿಯ ತುದಿಗಳು ಮೇಲಿನ ಮೊದಲ ದವಡೆಹಲ್ಲುಗಳಿಗೆ ಅಂಟಿಸಿದ ಬಳೆಗಳ ಕೊಳವೆಯಲ್ಲಿ ಕೂರುತ್ತವೆ. ಹೊರಕಂಬಿ ತುಟಿಗಳ ನಡುವಿನಿಂದ ಹೊರಬಂದು ಎರಡೂ ಕೆನ್ನೆಗಳ ಪಕ್ಕಕ್ಕೆ ಬಾಗಿ, ಸ್ಪ್ರಿಂಗು ಅಥವಾ ಇಲಾಸ್ಟಿಕ್ ಮೂಲಕ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಎಳೆತ ಹಲ್ಲಿನ ಮೇಲೆ ಬಿದ್ದರೂ ಅಲ್ಲಿಗೇ ನಿಲ್ಲುವುದಿಲ್ಲ. ಮೇಲ್ದವಡೆ ಹಣೆ, ಕೆನ್ನೆ, ಅಂಗುಳಗಳ ಎಲುಬುಗಳೊಂದಿಗೆ ಹೊಲಿಗೆಯಂಥ ಸಂದುಗಳಲ್ಲಿ ಕೂಡಿಕೊಂಡಿದೆ. ಬೆಳೆಯುವ ವಯಸ್ಸಿನಲ್ಲಿ ಈ ಸಂದುಗಳಲ್ಲಿ ಹೊಸ ಎಲುಬು ಕಟ್ಟುತ್ತಿರುತ್ತದೆ. ಒತ್ತಡ ಬಿದ್ದರೆ ಆ ಕೆಲಸ ನಿಧಾನವಾಗುತ್ತದೆ. ಕೆಳದವಡೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಾ ಹೋಗುವುದರಿಂದ ಎರಡರ ನಡುವಿನ ಅಂತರ ತಗ್ಗುತ್ತದೆ.

ಇದು ಬರೀ ಊಹೆಯಾಗಿ ಉಳಿಯಲಿಲ್ಲ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೋಫ್ರಾತ್ ತಲೆಯನ್ನು ಒಂದೇ ಭಂಗಿಯಲ್ಲಿ ನಿಲ್ಲಿಸಿ ಎಕ್ಸ್‌ರೇ ತೆಗೆಯುವ ಕ್ರಮವನ್ನು ಬೇರೆಬೇರೆಯಾಗಿ ರೂಪಿಸಿದ್ದರು. ಚಿಕಿತ್ಸೆಯ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಅಳೆಯಲು ಇದರಿಂದ ಸಾಧ್ಯವಾಯಿತು. 1970ರ ದಶಕದ ಕೋತಿಗಳ ಮೇಲಿನ ಪ್ರಯೋಗಗಳು ಮುಖದ ಎಲುಬಿನ ಸಂದುಗಳೇ ಬದಲಾಗುವುದನ್ನು ತೋರಿಸಿದವು. ಆದರೆ ಕೋತಿಗಳಿಗೆ ಹಾಕಿದ ಎಳೆತ ಜೋರಿನದು, ಬಹುಪಾಲು ಬಿಡುವಿಲ್ಲದ್ದು. ಮಗುವಿನ ಮುಖದಲ್ಲಿ ಅಷ್ಟೇ ಬದಲಾವಣೆ ನಿರೀಕ್ಷಿಸುವಂತಿಲ್ಲ.

ಎಳೆತದ ದಿಕ್ಕೂ ಅಷ್ಟೇ ಮುಖ್ಯ. ಕತ್ತಿನ ಪಟ್ಟಿ ಹಿಂದಕ್ಕೂ ಕೆಳಕ್ಕೂ ಎಳೆಯುತ್ತದೆ. ದವಡೆಹಲ್ಲು ಇಳಿದು ಕೆಳದವಡೆ ಹಿಂದಕ್ಕೆ ತಿರುಗಿ, ಮೊದಲೇ ಉದ್ದವಿದ್ದ ಮುಖ ಇನ್ನಷ್ಟು ಉದ್ದವಾಗಬಹುದು. ಅಂಥವರಿಗೆ ನೆತ್ತಿಯಿಂದ ಮೇಲಕ್ಕೆಳೆಯುವ ಪಟ್ಟಿ ಸರಿ. ಎಲುಬಿನ ಮೇಲೆ ಪರಿಣಾಮ ಬೇಕಿದ್ದರೆ ಒಂದೊಂದು ಬದಿಗೆ ಸುಮಾರು 350ರಿಂದ 500 ಗ್ರಾಂ ಎಳೆತ, ದಿನಕ್ಕೆ 12–14 ಗಂಟೆ, ತಿಂಗಳುಗಟ್ಟಲೆ ಬೇಕು. ಸಂಜೆ ಹಾಕಿ ಬೆಳಿಗ್ಗೆ ತೆಗೆಯುವ ರೂಢಿ ಹುಟ್ಟಿದ್ದು ಹೀಗೆ. ಆಗಾಗ ವೈದ್ಯರ ಬಳಿ ಹೋಗಿ ಎಳೆತ ಅಳೆಸಿಕೊಳ್ಳುವುದೂ ತಪ್ಪುವಂತಿರಲಿಲ್ಲ.

ಆದೋನಿಯಂಥ ಕಡೆ ತೊಡಕಾಗುತ್ತಿದ್ದುದು ಇದೇ. ಹತ್ತಿಯ ವ್ಯಾಪಾರದಿಂದ ಬೆಳೆದ ಈ ಊರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ವಿಂಗಡಣೆಯಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು; ಮೊದಲೆರಡು ಕರ್ನೂಲು ಜಿಲ್ಲೆಗೆ ಹೋದವು. ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ಈ ಸೀಮೆಯ ಸುತ್ತ ಆಗ ದಂತ ಕಾಲೇಜು ಇರಲಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಹೈದರಾಬಾದಿನದು 1959ರಲ್ಲಿ ಶುರುವಾದರೂ ಎರಡೂ ಒಂದು ರಾತ್ರಿಯ ಪಯಣದಷ್ಟು ದೂರ. ವರ್ಷವಿಡೀ ಪದೇಪದೇ ಹೋಗಿಬರುವ ಚಿಕಿತ್ಸೆಗೆ ಆ ದೂರವೇ ದೊಡ್ಡ ಅಡ್ಡಿ. ಹಲ್ಲು ಕೀಳಿಸಲು ಒಂದು ಸಲ ಹೋದರೆ ಸಾಕು, ಹೆಡ್‌ಗೇರಿಗೆ ಸಾಲದು.

1980ರ ದಶಕದಲ್ಲಿ ರಾಯಚೂರಿನಲ್ಲಿ ಎ.ಎಂ.ಇ. ದಂತ ಕಾಲೇಜು ಆರಂಭವಾದಾಗ ದೂರ ತಗ್ಗಿತು. ಗುಂತಕಲ್ಲಿನಿಂದ ಆದೋನಿ, ಮಂತ್ರಾಲಯಂ ರೋಡ್ ದಾಟಿ ರಾಯಚೂರಿಗೆ ಹೋಗುವ ರೈಲು ದಾರಿ 19ನೇ ಶತಮಾನದ್ದು. ಆದೋನಿಯಿಂದ ಸುಮಾರು 70 ಕಿ.ಮೀ. ಅಷ್ಟರಲ್ಲಿ ಹೆಡ್‌ಗೇರಿನ ಕಾಲವೇ ಇಳಿಮುಖವಾಗತೊಡಗಿತ್ತು. ಫೇಸ್‌ಬೋ ಕೊಳವೆಯಿಂದ ಜಾರಿ, ಇಲಾಸ್ಟಿಕ್ಕಿನ ಸೆಳೆತಕ್ಕೆ ಚಿಮ್ಮಿ ಕಣ್ಣಿಗೆ ತಗುಲಿದ ಪ್ರಸಂಗಗಳು ವಿದೇಶಗಳಲ್ಲಿ ವರದಿಯಾದ್ದರಿಂದ, ಬಲವಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಕೊಂಡಿಗಳು ಬಂದವು. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ ಟ್ವಿನ್ ಬ್ಲಾಕ್ ಬಾಯೊಳಗೇ ಇದ್ದು ಕೆಳದವಡೆಯನ್ನು ಮುಂದಕ್ಕೆ ಹಿಡಿಯುತ್ತದೆ. 1990ರ ದಶಕದ ಕೊನೆಯಿಂದ ಎಲುಬಿಗೇ ತಿರುಗಿಸಿ ಕೂರಿಸುವ ಪುಟ್ಟ ಸ್ಕ್ರೂಗಳು ಹಲ್ಲೆಳೆಯಲು ಆಧಾರವಾದವು. ತಲೆಯ ಆಧಾರ ಬಹುಮಟ್ಟಿಗೆ ಬೇಡವಾಯಿತು.

ಈಗ ಹೊರಗಿನ ಎಳೆತ ಹೆಚ್ಚಾಗಿ ಉಳಿದಿರುವುದು ತಿರುಗುಮುರುಗಾದ ರೂಪದಲ್ಲಿ. ಫ್ರಾನ್ಸಿನ ಡೆಲೇರ್ ಬಳಕೆಗೆ ತಂದ ಫೇಸ್‌ಮಾಸ್ಕ್ ಹಣೆ, ಗದ್ದಗಳನ್ನು ಆಧಾರವಾಗಿಸಿಕೊಂಡು, ಹಿಂದುಳಿದ ಮೇಲ್ದವಡೆಯನ್ನು ಮುಂದಕ್ಕೆ ಎಳೆಯುತ್ತದೆ. ಎಲುಬಿನ ಸಂದುಗಳು ಇನ್ನೂ ಸಡಿಲವಿರುವಾಗ, ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಹಾಕಿದರೆ ಅದರ ಫಲ ಹೆಚ್ಚು.