ತೊಗರಿ ಕಟಿಗಿಯ ಕಾರು

2022ರ ಮಾರ್ಚ್ 30ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಹೈಡ್ರೋಜನ್ ಕಾರಿನಲ್ಲಿ ಕೂತು ಸಂಸತ್ತಿಗೆ ಬಂದಿಳಿದರು. ಟೊಯೋಟಾದ ಮಿರಾಯ್. ಹೊಗೆ ಇಲ್ಲ, ಹಿಂದಿನ ಕೊಳವೆಯಿಂದ ಬರೋದು ಬರೀ ನೀರು. ಚರಂಡಿ ನೀರಿನಿಂದಲೂ ಹೈಡ್ರೋಜನ್ ತೆಗೀಬಹುದು ಅಂತ ಅವರು ಹೇಳಿದ್ದೇ ತಡ, ಮೊಬೈಲ್‌ಗಳಲ್ಲಿ ಜೋಕುಗಳ ಸುರಿಮಳೆ. ನಗೋರು ನಗಲಿ ಬಿಡಿ. ಜಪಾನಿನ ಫುಕುವೋಕಾ ನಗರದಲ್ಲಿ 2015ರಲ್ಲೇ ಕೊಳಚೆಯ ಗ್ಯಾಸಿನಿಂದ ಹೈಡ್ರೋಜನ್ ಮಾಡಿ ಕಾರುಗಳಿಗೆ ತುಂಬಿಸೋಕೆ ಶುರು ಮಾಡಿದ್ದರು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ವಿಜಯಪುರ ಜಿಲ್ಲೆ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿತ್ತು. ಅದೇ ಪ್ರಾಂತ್ಯದ ರಾಜಧಾನಿ ಮುಂಬೈಯ ಮಾಟುಂಗಾದಲ್ಲಿ ಕುಷ್ಠರೋಗಿಗಳ ಆಶ್ರಮವೊಂದಿತ್ತು. ಅಲ್ಲಿನ ಮಲದ ಗುಂಡಿಯಿಂದ ಬಂದ ಗ್ಯಾಸಿನಲ್ಲಿ 1897ರ ಸುಮಾರಿಗೇ ದೀಪ ಉರಿಸಿದ್ದರು. ಊರವರು ಮುಟ್ಟಲು ಹೇಸುತ್ತಿದ್ದ ಜನರ ಹೊಲಸಿನಿಂದ ಬಂದ ಬೆಳಕು ಅದು. ಆ ಗ್ಯಾಸು ಮೀಥೇನ್. ಇವತ್ತು ಜಗತ್ತಿನ ಕಾರ್ಖಾನೆಗಳು ಹೈಡ್ರೋಜನ್ ತೆಗೆಯೋದು ಬಹುಪಾಲು ಮೀಥೇನಿನಿಂದಲೇ.

ಇನ್ನೊಂದು ಕಥೆ ನಿಮ್ಮ ಮನೆಯ ಹಿರಿಯರಿಂದ ನೀವೂ ಕೇಳಿರಬಹುದು. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಟ್ರೋಲಿಗೆ ರೇಷನ್ ಬಂತು. ಬಸ್ಸಿನ ಬೆನ್ನಿಗೆ ಡ್ರಮ್ಮಿನಂಥ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ, ಅದರ ಗ್ಯಾಸಿನಿಂದ ಬಸ್ ಓಡಿಸಿದರು. ಕ್ಲೀನರ್ ಹೊತ್ತಿಗೆ ಮುಂಚೆ ಎದ್ದು ಕೆಂಡ ಊದಬೇಕಿತ್ತು. ಏರು ಬಂತೆಂದರೆ ಬಸ್ಸಿನ ಉಸಿರು ನಿಲ್ಲೋದು, ಪ್ರಯಾಣಿಕರು ಇಳಿದು ನಡೆಯೋದು! ಯುರೋಪಿನಲ್ಲೂ ಇದೇ ಕತೆ. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯೊಂದರಲ್ಲೇ ಇಂಥ ವಾಹನಗಳು ಲಕ್ಷಗಟ್ಟಲೆ ಇದ್ದವು.

ಆ ಡ್ರಮ್ಮಿನೊಳಗೆ ನಡೀತಿದ್ದದ್ದೇನು ನೋಡಿ. ಕೆಂಡಕ್ಕೆ ಗಾಳಿ ಕಡಿಮೆ ಕೊಟ್ಟರೆ ಅದು ಪೂರ್ತಿ ಉರಿಯೋದಿಲ್ಲ, ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಜೊತೆಗೆ ನೀರಿನ ಹಬೆ ಸೋಕಿದರೆ, ಕೆಂಡ ಹಬೆಯೊಳಗಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಉಳಿಯೋದು ಹೈಡ್ರೋಜನ್. ಅಂದರೆ ಸ್ವಾಮಿ, ನಮ್ಮ ಅಜ್ಜಂದಿರು ಹತ್ತಿದ ಆ ಕೆಮ್ಮುವ ಬಸ್ಸು ಒಂದು ಪಾಲು ಹೈಡ್ರೋಜನ್ನಿನಲ್ಲೇ ಓಡುತ್ತಿತ್ತು. ಯುದ್ಧ ಮುಗೀತು, ಪೆಟ್ರೋಲು ಬಂತು, ಡ್ರಮ್ಮು ಗುಜರಿಗೆ ಹೋಯಿತು.

ಆದರೆ ಆ ವಿದ್ಯೆ ಗುಜರಿಗೆ ಹೋಗಲಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿಯೇ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ದೊಡ್ಡ ವಿಜ್ಞಾನಿಗಳು ಒಲೆ, ಸಗಣಿ, ಸೌದೆಯ ಲೆಕ್ಕ ಹಾಕೋದಾ ಅಂತ ಮೂಗು ಮುರಿಯೋರು ಇವತ್ತಿಗೂ ಇದ್ದಾರೆ. ನನ್ನ ಪ್ರಕಾರ ಆ ಸಂಸ್ಥೆ ಮಾಡಿದ ದೊಡ್ಡ ಕೆಲಸಗಳಲ್ಲಿ ಅದೂ ಒಂದು. 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಗೆ ಕಟ್ಟಿಗೆ ಗ್ಯಾಸಿನಿಂದ ಕರೆಂಟು ಕೊಟ್ಟರು. ಅದೇ ಪರಂಪರೆಯ ಪ್ರೊಫೆಸರ್ ಎಸ್. ದಾಸಪ್ಪ ಅವರ ತಂಡ 2022ರಲ್ಲಿ, ಕೃಷಿ ತ್ಯಾಜ್ಯದಿಂದ ಶುದ್ಧ ಹೈಡ್ರೋಜನ್ ತೆಗೆಯುವ ವಿಧಾನವನ್ನು ಮುಂದಿಟ್ಟಿತು. ಗಾಳಿಯ ಬದಲು ಆಮ್ಲಜನಕ ಮತ್ತು ಹಬೆ ಕೊಡೋದು, ಬಂದ ಗ್ಯಾಸಿನಿಂದ ಹೈಡ್ರೋಜನ್ ಬೇರ್ಪಡಿಸೋದು. 1 ಕಿಲೋ ತ್ಯಾಜ್ಯಕ್ಕೆ 100 ಗ್ರಾಂ ಹೈಡ್ರೋಜನ್. ತ್ಯಾಜ್ಯದೊಳಗೆ ಇರೋದೇ ಸುಮಾರು 60 ಗ್ರಾಂ, ಉಳಿದದ್ದನ್ನು ಹಬೆ ಕೊಡುತ್ತದೆ.

ಈಗ ಬನ್ನಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಗೆ. ಮಿರಾಯ್ ಕಾರಿನ ಟ್ಯಾಂಕಿಗೆ ಹಿಡಿಯೋದು 5.6 ಕಿಲೋ ಹೈಡ್ರೋಜನ್. ದಾಸಪ್ಪನವರ ಲೆಕ್ಕದಲ್ಲಿ ಅದಕ್ಕೆ ಬೇಕಾದ್ದು 56 ಕಿಲೋ ಒಣ ತೊಗರಿ ಕಟಿಗಿ. ಕಂಪನಿ ಹೇಳೋ ಮೈಲೇಜು ನಂಬಿದರೆ, ಅಷ್ಟರಲ್ಲಿ ಇಂಡಿಯಿಂದ ಬೆಂಗಳೂರು ಮುಟ್ಟಬಹುದು. ರಾಶಿ ಮುಗಿದ ಮೇಲೆ ಸಿಂದಗಿಯ ಹೊಲಗಳಲ್ಲಿ ಆ ಕಟಿಗಿ ಎಷ್ಟು ಬಿದ್ದಿರುತ್ತದೆ ಅಂತ ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ಹತ್ತಿ ಕಟಿಗಿ ಇದೆ, ಕಬ್ಬಿನ ರವದಿ ಇದೆ. ಬೆಲೆ ಬಿದ್ದಾಗ ರಸ್ತೆಗೆ ಸುರಿಯುವ ಇಂಡಿ ಲಿಂಬೆಯೂ ಇದೆ. ಆದರೆ ಅದು ಹಸಿ, ಈ ಒಲೆಗೆ ಆಗದು, ಬ್ಯಾಕ್ಟೀರಿಯಾಗಳಿಂದ ಕೊಳೆಸಬೇಕು. ಜೋಳದ ಕಣಕಿಯ ಸುದ್ದಿಗೆ ಮಾತ್ರ ಯಾರೂ ಹೋಗಬಾರದು, ಅದು ದನದ ಹೊಟ್ಟೆಯ ಪಾಲು.

ಇಲ್ಲೇ ನನ್ನ ತಕರಾರು. 'ತ್ಯಾಜ್ಯ' ಅಂತ ಹೆಸರಿಟ್ಟವರು ಯಾರು? ಅದೇ ತೊಗರಿ ಕಟಿಗಿಯಲ್ಲಿ ಹೆಣ್ಮಕ್ಕಳು ರೊಟ್ಟಿ ಬೇಯಿಸಿದ್ದಾರೆ, ಬೇಲಿ ಕಟ್ಟಿದ್ದಾರೆ. ಕಸ ಅಂತ ಕರೆದರೆ ಪುಕ್ಕಟೆ ಒಯ್ಯಬಹುದು, ಅಷ್ಟೇ.

ಬಸವನ ಬಾಗೇವಾಡಿ ಸೀಮೆಗೆ ಈ ಪಾಠ ಹೊಸದಲ್ಲ. ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಬಂತು. ನಾಡಿಗೆ ಕರೆಂಟು ಸಿಕ್ಕಿತು, ಸರಿ. ಆದರೆ 2014ರ ಜುಲೈನಲ್ಲಿ ಅಲ್ಲಿ ಪ್ರತಿಭಟಿಸಿದ ರೈತರ ಮೇಲೆ ಗೋಲಿಬಾರೂ ಆಯಿತು. ಕಬ್ಬಿನ ಸಿಪ್ಪೆಯದೂ ಅದೇ ಹಾದಿ. ಒಂದು ಕಾಲಕ್ಕೆ ಕಾರ್ಖಾನೆಯ ಹಿತ್ತಲ ಹೊರೆಯಾಗಿದ್ದದ್ದು, ಕರೆಂಟಾಗಿ ಮಾರಾಟವಾಗತೊಡಗಿತು. ರೈತನಿಗೆ ದುಡ್ಡು ಬಂದದ್ದು ಕಬ್ಬಿನ ತೂಕಕ್ಕೆ ಮಾತ್ರ. ಕೊನೆಗೆ 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆಯ ಜೊತೆ ಸಿಪ್ಪೆ, ಕಾಕಂಬಿಯಂಥ ಉಪ ಉತ್ಪನ್ನಗಳ ಆದಾಯವನ್ನೂ ಸೇರಿಸಿ 70 ಪಾಲು ರೈತನಿಗೆ, 30 ಪಾಲು ಕಾರ್ಖಾನೆಗೆ ಅಂತ ಬರೆಯಬೇಕಾಯಿತು. ಅದು ನೆಟ್ಟಗೆ ಜಾರಿಯಾಗಲಿ ಅಂತ ರೈತರು ರಸ್ತೆಗಿಳಿಯೋದು ಇನ್ನೂ ನಿಂತಿಲ್ಲ.

2023ರ ಜನವರಿ 4ರಂದು ಕೇಂದ್ರ ಸಂಪುಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಒಪ್ಪಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ನಾಳೆ ಮುದ್ದೇಬಿಹಾಳದ ದಾರಿಯಲ್ಲಿ ಒಂದು ಸ್ಥಾವರ ಎದ್ದರೆ, ಅದರ ಗೇಟಿನ ಮುಂದೆ ನಾನು ಮೈಕ್ ಹಿಡಿದು ಮೊದಲು ಕೇಳೋದು ಒಂದೇ: ಹೊಲದ ಬದುವಿನಲ್ಲಿ ಕಟಿಗಿಗೆ ಕ್ವಿಂಟಲ್‌ಗೆ ಎಷ್ಟು ಕೊಡ್ತೀರಿ, ಉಳಿದ ಬೂದಿಯನ್ನು ಯಾರ ಹೊಲಕ್ಕೆ ಹಾಕ್ತೀರಿ?