ಮ್ಯಾಲಿನವರ ಗಣಿ, ಕೆಳಗಿನವರ ಹೊಳಿ

ಭೀಮಾ ನದಿ ಮಹಾರಾಷ್ಟ್ರದಾಗ ಹುಟ್ಟಿ ಕರ್ನಾಟಕದಾಗ ಕೃಷ್ಣೆಯನ್ನು ಕೂಡ್ತದ. ನಡುವ ಇರುವ ಅಕ್ಕಲಕೋಟ ಸೀಮೆಯ ನಮಗ ಒಂದು ಮಾತು ಯಾರೂ ಕಲಿಸಬೇಕಾಗಿಲ್ಲ: ನೀರಿಗೆ ಗಡಿ ಕಲ್ಲು ಕಾಣಂಗಿಲ್ಲ. ಮ್ಯಾಲಿನ ಊರವರು ಬಿಟ್ಟದ್ದು ಕೆಳಗಿನ ಊರವರ ಕೊಡಕ್ಕ ಬರ್ತದ. ಇದೇ ಮಾತಿಗಾಗಿ ಈಶಾನ್ಯ ಭಾರತದಾಗ ಒಂದು ದೊಡ್ಡ ವ್ಯಾಜ್ಯ ನಡೀತು. ವಾಚನಾಲಯದಾಗ ಓದಿ, ಮಾಸ್ತರರನ್ನು ಕೇಳಿ ತಿಳಕೊಂಡದ್ದನ್ನು ಇಲ್ಲಿ ಬರೆದೀನಿ.

ಮೇಘಾಲಯದ ಜೈಂತಿಯಾ ಗುಡ್ಡಗಳಾಗ ಕಲ್ಲಿದ್ದಲು ಅದ. ಅಲ್ಲಿಯ ಭೂಮಿ ಹೆಚ್ಚಾಗಿ ಆ ಮಂದಿಯದ್ದೇ, ಸರ್ಕಾರದ್ದಲ್ಲ. ನಾವು ಬಾವಿ ತೋಡಿದಂಗ ಅವರು ಗುಂಡಿ ತೋಡ್ತಾರ. ಕಲ್ಲಿದ್ದಲು ಕಂಡ ಮ್ಯಾಲ ಸುತ್ತ ಅಡ್ಡ ಬಿಲ ಕೊರೀತಾರ. ಆ ಬಿಲದಾಗ ಮನುಷ್ಯ ಎದ್ದು ನಿಲ್ಲಾಕ ಆಗಂಗಿಲ್ಲ, ತೆವಳಬೇಕು. ಅದಕ್ಕ ‘ಇಲಿ ಬಿಲದ ಗಣಿ’ ಅಂತಾರ. ಒಳಗ ನಿಂತ ನೀರನ್ನು ಪಂಪು ಹಚ್ಚಿ ಹಳ್ಳಕ್ಕ ಬಿಡ್ತಿದ್ರು.

ಆ ನೀರಾಗೇ ಕೇಡು ಇತ್ತು. ಅಲ್ಲಿಯ ಕಲ್ಲಿದ್ದಲಿನಾಗ ಗಂಧಕ ಹೆಚ್ಚು. ಅದಕ್ಕ ಗಾಳಿ, ನೀರು ತಾಗಿದ್ರ ಗಂಧಕಾಮ್ಲ ಹುಟ್ಟತದ. ಹುಣಸಿಹುಳಿ ಹಚ್ಚಿ ತಿಕ್ಕಿದ್ರ ತಾಮ್ರದ ತಂಬಿಗಿಯ ಕಿಲುಬು ಬಿಡ್ತದಲ್ಲ, ಹಂಗ ಈ ಹುಳಿ ನೀರು ಕಲ್ಲು ಮಣ್ಣಿನೊಳಗಿನ ಲೋಹ ಕರಗಿಸಿ ಹೊಳಿಗೆ ತರ್ತದ. ಹಳ್ಳದ ತಳಕ್ಕ ತುಕ್ಕಿನ ಬಣ್ಣ ಹತ್ತತದ, ಮೀನು ಸಾಯ್ತಾವ.

ಕೋಪಿಲಿ ಹೊಳಿ ಈ ಗುಡ್ಡಗಳಿಂದ ಅಸ್ಸಾಮಿನ ದಿಮಾ ಹಸಾವೊ ಜಿಲ್ಲೆಗೆ ಇಳೀತದ. ಅಲ್ಲಿ ಒಡ್ಡು ಕಟ್ಟಿ ಕರೆಂಟು ತಯಾರು ಮಾಡ್ತಾರ. ಹುಳಿ ನೀರು ಆ ಯಂತ್ರಗಳ ಉಕ್ಕನ್ನೂ ತಿಂದಿತು. 1972ರಾಗ ಮೇಘಾಲಯ ಬ್ಯಾರೆ ರಾಜ್ಯ ಆಗೂ ಮೊದಲು ಮ್ಯಾಲಿನವರೂ ಕೆಳಗಿನವರೂ ಅಸ್ಸಾಮಿನವರೇ. ಗಡಿ ಬಿದ್ದ ಮ್ಯಾಲ ಗಣಿ ಒಂದು ರಾಜ್ಯದಾಗ, ಕೆಟ್ಟ ಹೊಳಿ ಇನ್ನೊಂದು ರಾಜ್ಯದಾಗ.

ಹಂಗಂತ ಕಾಯ್ದೆ ಇರಲಿಲ್ಲ ಅಂತಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಂ, ತಿಳಿದೂ ತಿಳಿದೂ ಹೊಳಿ ಹಳ್ಳ ಬಾವಿಗೆ ವಿಷ ಬಿಡಬಾರದು ಅಂತದ. 25ನೇ ಕಲಂ, ಮಂಡಳಿಯ ಒಪ್ಪಿಗೆ ಇಲ್ಲದ ಹೊಲಸು ನೀರು ಬಿಡಬಾರದು ಅಂತದ. ಮೊದಲು ಈ ಕಾಯ್ದೆ ಒಪ್ಪಿದ 12 ರಾಜ್ಯಗಳಾಗ ಅಸ್ಸಾಮೂ ಕರ್ನಾಟಕವೂ ಇದ್ದವು. 1984ರ ಭೋಪಾಲ ದುರಂತದ ಮ್ಯಾಲ 1986ರ ಪರಿಸರ ಕಾಯ್ದೆ ಬಂತು. ಅದರ ಕೆಳಗ 2000ರಾಗ ಕಲ್ಲಿದ್ದಲು ಗಣಿಯ ನೀರಿಗೆ ಅಳತಿ ಕಟ್ಟಿದ್ರು: ಪಿಎಚ್ 5.5ರಿಂದ 9ರ ಒಳಗ ಇರಬೇಕು. ಹೊಳಿಗೆ ಬಿಡೂ ನೀರಿನ ಲೀಟರಿಗೆ ತೇಲುವ ಕಸ 100 ಮಿಲಿಗ್ರಾಂ ಮೀರಬಾರದು, ಎಣ್ಣಿ ಜಿಡ್ಡು 10 ಮಿಲಿಗ್ರಾಂ ಮೀರಬಾರದು. ಪಿಎಚ್ ಅಂದ್ರ ಹುಳಿಯ ಅಳತಿ. ಶುದ್ಧ ನೀರಿಗೆ 7. ಅದಕ್ಕಿಂತ ಒಂದು ಅಂಕಿ ಇಳಿದ್ರ ಹುಳಿ ಹತ್ತು ಪಟ್ಟು ಏರ್ತದ.

ಅಳತಿ ಕಾಗದದ ಮ್ಯಾಲ ಇತ್ತು. ಆದ್ರ ಗುಡ್ಡದಾಗ ಸಾವಿರಾರು ಗುಂಡಿ. ಅಲ್ಲಿ ಹೋಗಿ ಅಳೆಯುವವರು ಯಾರು? ನಮ್ಮ ಗೀಗೀ ಮೇಳದಾಗ ಒಬ್ಬರು ಸವಾಲು ಹಾಕಿದ್ರೇ ಎದುರಿನವರು ಜವಾಬು ಕೊಡ್ತಾರ. ಇಲ್ಲಿ ಸವಾಲು ಹಾಕಿದವರು ಕೆಳಗಿನ ದಂಡಿಯ ಹುಡುಗರು. ಅಖಿಲ ದಿಮಾಸಾ ವಿದ್ಯಾರ್ಥಿ ಸಂಘದವರು ‘ನಮ್ಮ ಕೋಪಿಲಿ ಹಾಳಾತು’ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದ್ರು. 2014ರ ಏಪ್ರಿಲ್ 17ರಂದು ಮಂಡಳಿ ಮೇಘಾಲಯದ ಇಲಿ ಬಿಲದ ಗಣಿಗಳನ್ನು ನಿಲ್ಲಿಸಿತು.

ಆಜ್ಞೆ ಬಂದ ಕೂಡಲೇ ಎಲ್ಲಾ ನಿಲ್ಲಲಿಲ್ಲ. 2018ರ ಡಿಸೆಂಬರ್‌ದಾಗ ಕ್ಸಾನ್ ಅನ್ನೂ ಊರಿನ ಹತ್ತಿರ ಇಂಥದೇ ಗಣಿಗೆ ನೀರು ನುಗ್ಗಿ 15 ಕೂಲಿಕಾರರು ಒಳಗ ಸಿಕ್ಕಿಬಿದ್ರು. 2019ರ ಜನವರಿಯಾಗ ಮಂಡಳಿ ಮೇಘಾಲಯ ಸರ್ಕಾರಕ್ಕ 100 ಕೋಟಿ ರೂಪಾಯಿ ತುಂಬು ಅಂತು. ಜುಲೈದಾಗ ಸುಪ್ರೀಂ ಕೋರ್ಟು, ಆ ದುಡ್ಡು ಕೆಟ್ಟ ಪರಿಸರ ಸರಿ ಮಾಡಾಕಷ್ಟೇ ಖರ್ಚಾಗಬೇಕು, ಕಾಯ್ದೆ ಪ್ರಕಾರ ಪರವಾನಿಗಿ ಪಡೆದವರು ಮಾತ್ರ ಗಣಿ ಮಾಡಬಹುದು ಅಂತ ಹೇಳಿತು.

ಗುಡ್ಡದ ಮಂದಿಯನ್ನು ಬೈಯಾಕ ನನಗ ಮನಸ್ಸಿಲ್ಲ. ಹೊಲದಾಗ ಬೆಳೀಲಾರದ್ದು ನೆಲದಾಗ ಸಿಕ್ಕಿದ್ರ ಯಾರು ಬಿಡ್ತಾರ? ಗಣಿ ನಿಂತಾಗ ಕೂಲಿ ಹೋದದ್ದು ಬಡವರದ್ದೇ. ಆದ್ರ ಗಣಿ ಮುಚ್ಚಿದ್ರೂ ಹುಳಿ ನೀರು ನಿಲ್ಲಂಗಿಲ್ಲ. ಬಿಟ್ಟ ಗುಂಡಿಗಳಿಂದ ವರ್ಷಾನುಗಟ್ಟಲೆ ಜಿನುಗತದ. ಅದನ್ನು ಕೂಡಿಟ್ಟು, ಸುಣ್ಣದ ಕಲ್ಲಿನ ಮ್ಯಾಲ ಹಾಯಿಸಿ, ಹುಳಿ ಮುರಿದು, ಕೆಸರು ಇಳಿದ ಮ್ಯಾಲೇ ಹೊಳಿಗೆ ಬಿಡಬೇಕು. ಈ ಖರ್ಚು ಮೊದಲೇ ಗಣಿ ಮಾಡಿದವರ ಮ್ಯಾಲ ಬಿದ್ದಿದ್ರ ಕೆಳಗಿನವರು ಕೋರ್ಟಿಗೆ ಅಲೀಬೇಕಾಗಿರಲಿಲ್ಲ.

ನಮ್ಮ ಸೀಮೆಯಾಗ ಕಲ್ಲಿದ್ದಲು ಗಣಿ ಇಲ್ಲ. ಆದ್ರ ನಮಗೂ ಮ್ಯಾಲ ಊರು ಅವ, ಕೆಳಗೂ ಊರು ಅವ. ಹಸಿರು ನ್ಯಾಯಮಂಡಳಿಯ ಪೀಠ ಸೋಲಾಪುರದ ನಮಗ ಪುಣೆಯಾಗ. ಗಡಿ ಆಚೆಯ ಕಲಬುರಗಿಯವರಿಗೆ ಚೆನ್ನೈದಾಗ. ತಂಟೆ ಹುಟ್ಟಿದ ಆರು ತಿಂಗಳೊಳಗ ಅರ್ಜಿ ಹಾಕಬೇಕು. ನಷ್ಟ ಪರಿಹಾರ ಕೇಳಾಕ ಐದು ವರ್ಷ ಅವಧಿ ಅದ. ಮಾಸ್ತರರು ಇದನ್ನು ಸಾಲ್ಯಾಗ ಮಕ್ಕಳಿಗೂ ಹೇಳಬೇಕು. ಕೋಪಿಲಿಯ ದೂರು ಕೊಟ್ಟವರೂ ವಿದ್ಯಾರ್ಥಿಗಳೇ ಇದ್ರು.